ಹಂಜಮಾನದಿಂದ ಅಂಜುಮನ್‌ವರೆಗೆ: ಸಂಘ ಉಳಿಯುವುದು ಯಾವುದರಿಂದ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ನಾವು ಇಲ್ಲಿ ಸೇರುತ್ತೇವೆ. ವರದಿ ಓದುತ್ತೇವೆ, ಮಕ್ಕಳಿಗೆ ಬಹುಮಾನ ಕೊಡುತ್ತೇವೆ, ಚಹಾ ಕುಡಿದು ಊರಿಗೆ ಹೋಗುತ್ತೇವೆ. ಸಂಘ ಎಂದರೆ ಏನು, ಅದು ಯಾವುದರಿಂದ ಉಳಿಯುತ್ತದೆ, ಯಾವುದರಿಂದ ಅಳಿಯುತ್ತದೆ ಎಂದು ಕೇಳಿಕೊಳ್ಳುವುದು ಕಡಿಮೆ. ಇಂದು ಆ ಒಂದು ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತೇನೆ. ಸ್ವಲ್ಪ ದೂರದ ಇತಿಹಾಸಕ್ಕೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಆದರೆ ಖಂಡಿತವಾಗಿ ಇಲ್ಲಿಗೇ ತಂದು ಬಿಡುತ್ತೇನೆ.

ಮೊದಲು ಮಸ್ಕಿಯಿಂದಲೇ ಹೊರಡೋಣ. 1915ರಲ್ಲಿ ನಿಜಾಂ ಸರ್ಕಾರದ ಕಾಲದಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಅಲ್ಲಿಯ ಬಂಡೆಯ ಮೇಲಿದ್ದ ಅಶೋಕನ ಶಾಸನವನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. 'ಅಶೋಕ' ಎಂಬ ಹೆಸರು ಮೊದಲು ಓದಲು ಸಿಕ್ಕಿದ್ದು ನಮ್ಮ ಮಸ್ಕಿಯ ಬಂಡೆಯಲ್ಲಿ. ಇದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೀರಿ. ಆದರೆ ಆ ಶಾಸನದಲ್ಲಿ ಇನ್ನೆರಡು ವಿಷಯಗಳಿವೆ. ಒಂದು, ಚಕ್ರವರ್ತಿಯಾದವನು ತಾನು ಸಂಘವನ್ನು ಸೇರಿದ್ದಾಗಿ ಹೇಳಿಕೊಳ್ಳುತ್ತಾನೆ. ಎರಡು, ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಫಲವನ್ನು ಪಡೆಯಬಲ್ಲ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬ ಅರ್ಥದ ಮಾತು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಆ ಬಂಡೆಯ ಮೇಲೆ 'ಸಂಘ' ಎಂಬ ಪದವೂ, 'ಸಣ್ಣವರು' ಎಂಬ ಪದವೂ ಒಟ್ಟಿಗೇ ಇವೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ನಮ್ಮದೇ ಪದಕ್ಕೆ ಬರೋಣ: 'ಅಂಜುಮನ್'. ಫಾರಸಿ ಪದ, ಅರ್ಥ ಸಭೆ, ಸಂಘ. ಇದು ಉರ್ದುವಿನ ಜೊತೆಗೆ ಇತ್ತೀಚೆಗೆ ಬಂದ ಪದ ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. ನಮ್ಮ ಕರಾವಳಿಯ ಕನ್ನಡ ಶಾಸನಗಳಲ್ಲಿ 'ಹಂಜಮಾನ' ಎಂಬ ಪದ ಬರುತ್ತದೆ. ಸಮುದ್ರ ದಾಟಿ ಬಂದ ವ್ಯಾಪಾರಿಗಳು ಕಟ್ಟಿಕೊಂಡಿದ್ದ ಸಂಘಕ್ಕೆ ಆ ಹೆಸರು. ವಿಜಯನಗರ ಕಾಲದಲ್ಲಿ ಅದು ಹೆಚ್ಚಾಗಿ ಮುಸ್ಲಿಂ ವರ್ತಕರ ಸಂಘ. ಸ್ಥಳೀಯ ವರ್ತಕರ 'ನಖರ'ದ ಜೊತೆಯಲ್ಲಿಯೇ ಹಂಜಮಾನದ ಹೆಸರೂ ಬರುತ್ತದೆ. ಕೊಂಕಣದ ಶಿಲಾಹಾರರ 11ನೇ ಶತಮಾನದ ತಾಮ್ರಪಟಗಳಲ್ಲಿ ಇದೇ ಪದ 'ಹಂಯಮನ' ಎಂದಿದೆ. ಕೇರಳದ ಕೊಲ್ಲಂನಲ್ಲಿ ಕ್ರಿ.ಶ. 849ರಲ್ಲಿ ಒಂದು ಕ್ರೈಸ್ತ ಇಗರ್ಜಿಗೆ ಕೊಟ್ಟ ತಾಮ್ರಪಟದಲ್ಲಿ 'ಅಂಜುವಣ್ಣಂ' ಎಂಬ ಸಂಘದ ಹೆಸರಿದೆ. ಅದೂ ಅಂಜುಮನ್ ಎಂಬ ಪದದಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಆ ತಾಮ್ರಪಟಕ್ಕೆ ಸಾಕ್ಷಿ ಹಾಕಿದವರು ಅರಬ್ಬಿಯ ಕೂಫಿ ಲಿಪಿಯಲ್ಲಿ, ಪಹ್ಲವಿಯಲ್ಲಿ, ಹೀಬ್ರೂ ಲಿಪಿಯಲ್ಲಿ ಸಹಿ ಮಾಡಿದ್ದಾರೆ. ಅಂದರೆ ಮುಸಲ್ಮಾನರು, ಪಾರಸಿಗಳು, ಯಹೂದಿಗಳು ಸೇರಿ ಒಂದು ಇಗರ್ಜಿಯ ದಾನಕ್ಕೆ ಸಾಕ್ಷಿಯಾಗಿದ್ದರು.

ಇನ್ನೂ ಹತ್ತಿರದ ಉದಾಹರಣೆ ಬೇಕೇ? ಕಲಬುರಗಿ ಜಿಲ್ಲೆಯ ಮಳಖೇಡ ಗೊತ್ತಲ್ಲ, ರಾಷ್ಟ್ರಕೂಟರ ಮಾನ್ಯಖೇಟ. ಆ ರಾಷ್ಟ್ರಕೂಟ ಅರಸರು ಸಂಜಾಣ ಎಂಬ ಬಂದರಿನ ಸೀಮೆಯನ್ನು ಆಳಲು ನೇಮಿಸಿದ್ದವನು ಒಬ್ಬ ತಾಜಿಕ, ಅಂದರೆ ಅರಬ್. ಶಾಸನ ಅವನನ್ನು 'ಮಧುಮತಿ' ಎನ್ನುತ್ತದೆ. ಮುಹಮ್ಮದ್ ಎಂಬ ಹೆಸರು ಸಂಸ್ಕೃತದ ಬಾಯಲ್ಲಿ ಹಾಗಾಗಿದೆ. ಚಿಂಚಣಿಯಲ್ಲಿ ಸಿಕ್ಕ ಕ್ರಿ.ಶ. 926ರ ತಾಮ್ರಪಟದ ಪ್ರಕಾರ ಅವನು ಹೊಳೆ ದಾಟಲು ಪುಕ್ಕಟೆ ದೋಣಿ ಇರಿಸಿದ, ದಾರಿಹೋಕರಿಗೆ ಅನ್ನ, ಪಲ್ಯ, ತುಪ್ಪದ ಊಟ ಹಾಕುವ ಛತ್ರ ನಡೆಸಿದ, ಒಂದು ದೇವಿಯ ಮಠಕ್ಕೆ ಭೂಮಿ ಕೊಡಲು ಅನುಮತಿ ಕೊಡಿಸಿದ. ಹೊರಗಿನಿಂದ ಬಂದ ಜನ ಈ ನೆಲದಲ್ಲಿ ಬೇರು ಬಿಟ್ಟದ್ದು ಇಂಥ ಕೆಲಸಗಳಿಂದ.

ಇಂಥ ಸಂಘಗಳು ನಮ್ಮಲ್ಲಿ ಮಾತ್ರ ಇದ್ದವೇ? ಇಲ್ಲ. ಈಗ ನಿಮ್ಮನ್ನು ಗ್ರೀಕರ ಊರುಗಳಿಗೆ ಕರೆದುಕೊಂಡು ಹೋಗುತ್ತೇನೆ. ಅಥೆನ್ಸ್, ಎಫೆಸಸ್, ನಿಕೊಮೀಡಿಯ, ಇವೆಲ್ಲ ರೋಮ್ ಸಾಮ್ರಾಜ್ಯದ ಆಳ್ವಿಕೆಗೆ ಬಂದ ಮೇಲಿನ ಕಾಲ. ಊರಿನ ಅಧಿಕಾರ ದೊಡ್ಡ ಮನೆತನಗಳ ಕೈಯಲ್ಲಿ, ಅವುಗಳ ಮೇಲೆ ರೋಮ್. ಸಾಮಾನ್ಯ ಮನುಷ್ಯನಿಗೆ ಮಾತಾಡಲು ಜಾಗವಿಲ್ಲ. ಆಗ ಬೆಸ್ತರು, ನೇಕಾರರು, ಪರದೇಶದಿಂದ ಬಂದ ವರ್ತಕರು, ಬಿಡುಗಡೆ ಪಡೆದ ಗುಲಾಮರು ತಮ್ಮ ತಮ್ಮ ದೇವರ ಹೆಸರಿನಲ್ಲಿ ಸಂಘ ಕಟ್ಟಿಕೊಂಡರು. ಅವಕ್ಕೆ 'ಥಿಯಾಸೊಸ್', 'ಎರಾನೊಸ್' ಎಂದೆಲ್ಲ ಹೆಸರು. ಒಟ್ಟಿಗೆ ಪೂಜೆ, ಒಟ್ಟಿಗೆ ಊಟ, ಕಷ್ಟಕ್ಕೆ ಕೈಸಾಲ, ಸತ್ತರೆ ಮಣ್ಣು ಮಾಡಲು ಜನ. ಅವರ ದೇವರು ಬೇರೆ, ಅವರ ಆಚಾರದಲ್ಲಿ ಮದ್ಯವೂ ಇತ್ತು. ಅದು ನಮಗೆ ಹರಾಮ್. ನಾನು ತೋರಿಸಲು ಹೊರಟಿರುವುದು ಅವರ ಪೂಜೆಯನ್ನಲ್ಲ, ಅವರ ದಫ್ತರನ್ನು.

ಅಥೆನ್ಸಿನಲ್ಲಿ 'ಇಯೊಬಾಕ್ಕೊಯ್' ಎಂಬ ಸಂಘವಿತ್ತು. ಕ್ರಿ.ಶ. 2ನೇ ಶತಮಾನದಲ್ಲಿ ಅವರು ತಮ್ಮ ನಿಯಮಾವಳಿಯನ್ನು ಕಂಬದ ಮೇಲೆ ಕೆತ್ತಿಸಿದರು. ಸಭೆಯಲ್ಲಿ ನಿಯಮ ಓದಿ, ಒಪ್ಪಿದವರು ಕೈ ಎತ್ತಿ ಎಂದಾಗ ಎಲ್ಲರೂ ಕೈ ಎತ್ತಿದರು ಎಂಬುದೂ ಅದರಲ್ಲಿದೆ. ಪ್ರತಿ ತಿಂಗಳ 9ನೇ ದಿನ ಸಭೆ. ಹೊಸ ಸದಸ್ಯನಿಗೆ ಪ್ರವೇಶ ಶುಲ್ಕ 50 ದಿನಾರಿ, ಸದಸ್ಯನ ಮಗನಾದರೆ 25. ಹೊಸಬನನ್ನು ಸೇರಿಸಿಕೊಳ್ಳಬೇಕೇ ಎಂದು ಮತ ಹಾಕಿ ತೀರ್ಮಾನ. ಸಭೆಯಲ್ಲಿ ಜಗಳ ತೆಗೆದವನಿಗೆ, ಬೇರೆಯವನ ಜಾಗದಲ್ಲಿ ಕುಳಿತವನಿಗೆ, ಅಪ್ಪಣೆಯಿಲ್ಲದೆ ಮಾತಾಡಿದವನಿಗೆ ದಂಡ. ಬೈಸಿಕೊಂಡವನು ಇಬ್ಬರು ಸಾಕ್ಷಿಗಳನ್ನು ತರಬೇಕು. ಏಟು ತಿಂದವನು ಸಂಘದ ಹಿರಿಯರ ಮುಂದೆ ದೂರು ಕೊಡದೆ ನೇರವಾಗಿ ಊರಿನ ಕೋರ್ಟಿಗೆ ಹೋದರೆ ಅವನಿಗೂ ದಂಡ. ನಗಬೇಡಿ. ನಮ್ಮ ಕಮಿಟಿಗಳ ಎಷ್ಟು ಜಗಳ ಇವತ್ತು ಕೋರ್ಟಿನಲ್ಲಿವೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಅದೇ ಕಂಬದಲ್ಲಿ ಖಜಾಂಚಿಯ ಬಗ್ಗೆ ಒಂದು ನಿಯಮವಿದೆ. ಖಜಾಂಚಿಯನ್ನು ಎರಡು ವರ್ಷಕ್ಕೆ ಮತ ಹಾಕಿ ಆರಿಸಬೇಕು. ಅವನು ಸಂಘದ ಸ್ವತ್ತನ್ನೆಲ್ಲ ಲಿಖಿತವಾಗಿ ವಹಿಸಿಕೊಳ್ಳಬೇಕು, ಅವಧಿ ಮುಗಿದಾಗ ಮುಂದಿನವನಿಗೆ ಹಾಗೆಯೇ ಲಿಖಿತವಾಗಿ ವಹಿಸಿಕೊಡಬೇಕು. ಈ ಒಂದು ನಿಯಮದ ಬಳಿ ನಾನು ಮತ್ತೆ ಬರುತ್ತೇನೆ.

ಎಫೆಸಸ್ ಬಂದರಿನಲ್ಲಿ ಚಕ್ರವರ್ತಿ ನೀರೊ ಕಾಲದಲ್ಲಿ ಬೆಸ್ತರೂ ಮೀನು ಮಾರುವವರೂ ಸೇರಿ ಮೀನಿನ ಸುಂಕದ ಕಟ್ಟೆಯ ಕಟ್ಟಡ ಕಟ್ಟಿಸಿದರು. ಕೊಟ್ಟವರ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಮೇಲೆ ನಾಲ್ಕು ಕಂಬ ಕೊಟ್ಟವನ ಹೆಸರು, ಕೆಳಗೆ ಇಳಿಯುತ್ತಾ 5 ದಿನಾರಿ ಕೊಟ್ಟವನ ಹೆಸರು. ಆ ಪಟ್ಟಿಯಲ್ಲಿ ರೋಮ್ ಪೌರರೂ ಇದ್ದಾರೆ, ಗುಲಾಮರೂ ಇದ್ದಾರೆ. ನಮ್ಮ ಶಾಲೆ, ಮದ್ರಸಾಗಳ ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ನಮ್ಮ ಕಲ್ಲಿನಲ್ಲಿ ಕಂಬ ಕೊಟ್ಟವರು ಇರುತ್ತಾರೆ. 5 ದಿನಾರಿ ಕೊಟ್ಟವರು ಇರುವುದಿಲ್ಲ.

ಈಗಿನ ತುರ್ಕಿಯಲ್ಲಿರುವ ಫಿಲಡೆಲ್ಫಿಯ ಎಂಬ ಊರಿನಲ್ಲಿ ಡಯೊನಿಸಿಯೊಸ್ ಎಂಬುವನ ಮನೆಯಲ್ಲಿ ಒಂದು ಸಂಘ ಸೇರುತ್ತಿತ್ತು. ಗಂಡಸರು, ಹೆಂಗಸರು, ಸ್ವತಂತ್ರರು, ಗುಲಾಮರು, ಎಲ್ಲರಿಗೂ ಬಾಗಿಲು ತೆರೆದಿದೆ ಎಂದು ಅದರ ಕಲ್ಲು ಹೇಳುತ್ತದೆ. ಮೋಸ ಮಾಡುವುದಿಲ್ಲ, ಬೇರೆಯವರಿಗೆ ಕೇಡು ಬಗೆಯುವುದಿಲ್ಲ ಎಂದು ಒಳಗೆ ಬರುವವರು ಪ್ರಮಾಣ ಮಾಡಬೇಕಿತ್ತು.

ಇದನ್ನೆಲ್ಲ ಆಳುವವರು ಹೇಗೆ ನೋಡಿದರು? ಕ್ರಿ.ಶ. 110ರ ಸುಮಾರಿಗೆ ಪ್ಲೀನಿ ಎಂಬುವನು ಬಿಥೀನಿಯ ಪ್ರಾಂತಕ್ಕೆ ರಾಜ್ಯಪಾಲನಾಗಿ ಬಂದ. ನಿಕೊಮೀಡಿಯದಲ್ಲಿ ದೊಡ್ಡ ಬೆಂಕಿ ಬಿದ್ದು ಮನೆಗಳು ಸುಟ್ಟವು. ಜನ ನಿಂತು ನೋಡಿದರೇ ಹೊರತು ಆರಿಸಲಿಲ್ಲ; ಊರಿನಲ್ಲಿ ಒಂದು ಬಕೆಟ್ಟೂ ಇರಲಿಲ್ಲ. 150 ಜನ ಕುಶಲಕರ್ಮಿಗಳ ಒಂದು ಅಗ್ನಿಶಾಮಕ ಸಂಘ ಮಾಡಲೇ ಎಂದು ಅವನು ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಬೇಡ ಎಂದ ಟ್ರಾಜನ್. ಏನೇ ಹೆಸರಿಟ್ಟರೂ, ಯಾವ ಕಾರಣಕ್ಕೆ ಸೇರಿದರೂ, ಜನ ಒಟ್ಟಾದರೆ ಬೇಗನೆ ರಾಜಕೀಯ ಕೂಟವಾಗುತ್ತದೆ, ಬೆಂಕಿ ಆರಿಸುವ ಸಾಮಾನು ಕೊಡು, ಮನೆಯವರೇ ಆರಿಸಿಕೊಳ್ಳಲಿ ಎಂಬುದು ಅವನ ಉತ್ತರದ ಸಾರ. ಊರು ಸುಟ್ಟರೂ ಚಿಂತೆಯಿಲ್ಲ, ನೂರೈವತ್ತು ಬಡವರು ಒಂದು ಕಡೆ ಕೂಡಬಾರದು! ಪ್ಲೀನಿ ಇಂಥ ಕೂಟಗಳನ್ನು ನಿಷೇಧಿಸಿದ ಮೇಲೆ ಅಲ್ಲಿಯ ಕ್ರೈಸ್ತರು ಕೂಡ ಒಟ್ಟಿಗೆ ಊಟಕ್ಕೆ ಸೇರುವುದನ್ನು ಬಿಟ್ಟರು ಎಂದು ಅವನೇ ಬರೆದಿದ್ದಾನೆ.

ಆದರೆ ಇನ್ನೊಂದು ಪತ್ರವೂ ಇದೆ. ಅಮೀಸಸ್ ಎಂಬ ಊರಿನವರು ತಮ್ಮ 'ಎರಾನೊಸ್' ಸಂಘ ನಡೆಸಲು ಅಪ್ಪಣೆ ಕೇಳಿದರು. ಆ ಊರಿಗೆ ರೋಮ್ ಜೊತೆ ಒಪ್ಪಂದವಿತ್ತು, ತನ್ನ ಕಾನೂನಿನಂತೆ ನಡೆಯುವ ಹಕ್ಕಿತ್ತು. ಆದ್ದರಿಂದ ಟ್ರಾಜನ್ ಬಿಟ್ಟುಕೊಟ್ಟ. ಮುಖ್ಯವಾಗಿ, ಕೂಡಿದ ಹಣವನ್ನು ಗಲಭೆಗೆ ಬಳಸದೆ ಬಡವರ ಸಹಾಯಕ್ಕೆ ಬಳಸಿದರೆ ಎಂದ. ಅಧಿಕಾರ ಹೆದರುವುದು ಗುಟ್ಟಿಗೆ. ಒಪ್ಪುವುದು ಎರಡು ವಿಷಯಕ್ಕೆ: ಕಾಗದದ ಮೇಲಿನ ಹಕ್ಕಿಗೆ, ಬಡವನಿಗೆ ಮುಟ್ಟಿದ ಲೆಕ್ಕಕ್ಕೆ.

ಇದು ರೋಮ್ ಕಥೆ ಮಾತ್ರವಲ್ಲ. ನಮ್ಮ ರಾಯಚೂರು ಸೀಮೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಭೆ ಸೇರಬೇಕಾದರೆ ಮೊದಲೇ ಸರ್ಕಾರದ ಇಜಾಜತ್ ಬೇಕು ಎಂಬ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ ಜಾರಿಯಲ್ಲಿದ್ದ ಕಾಲವದು. ಆಳುವವನು ಯಾವ ಧರ್ಮದವನಾದರೂ ಜನ ಕೂಡುವುದನ್ನು ಕಂಡರೆ ಟ್ರಾಜನ್ನನ ಹಾಗೆಯೇ ಹೆದರುತ್ತಾನೆ. ಅಂಥ ದಿನಗಳಲ್ಲೂ ಕೆಲಸ ನಿಲ್ಲಲಿಲ್ಲ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಒಂದು ಶಾಲೆ ತೆರೆದು ಅದಕ್ಕೆ 'ಹಮ್‌ದರ್ದ್' ಎಂದು ಹೆಸರಿಟ್ಟರು. ನೋವಿನಲ್ಲಿ ಜೊತೆಯಾಗುವವನು ಎಂದು ಅದರ ಅರ್ಥ. ಒಬ್ಬ ಹಿಂದೂ ಪಂಡಿತರು ತಮ್ಮ ಶಾಲೆಗೆ ಉರ್ದು ಹೆಸರಿಟ್ಟ ಊರು ನಮ್ಮದು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

1950ರಲ್ಲಿ ಸಂವಿಧಾನ ಬಂತು. 19ನೇ ಅನುಚ್ಛೇದ ಸಂಘ ಕಟ್ಟುವ ಹಕ್ಕು ಕೊಟ್ಟಿತು. 26ನೆಯದು ಧಾರ್ಮಿಕ ಸಂಸ್ಥೆ ನಡೆಸುವ ಹಕ್ಕು, 30ನೆಯದು ಅಲ್ಪಸಂಖ್ಯಾತರು ತಮಗೆ ಬೇಕಾದ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿತು. ಅಮೀಸಸ್‌ನವರು ಚಕ್ರವರ್ತಿಯ ಕೈ ನೋಡಿ ಪಡೆದದ್ದು ನಿಮಗೆ ಹುಟ್ಟಿನಿಂದಲೇ ಇದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸೇರಿದರೆ ಒಂದು ಸಂಘ. ಪ್ರತಿಯಾಗಿ ಕಾಯ್ದೆ ಕೇಳುವುದೇನು? ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಆಡಿಟ್ ಆದ ಲೆಕ್ಕ, ಪದಾಧಿಕಾರಿಗಳ ಪಟ್ಟಿ. ಅಥೆನ್ಸಿನ ಕಂಬ ಕೇಳಿದ್ದೂ ಹೆಚ್ಚು ಕಡಿಮೆ ಇದನ್ನೇ.

ಈಗ ಖಜಾಂಚಿಯ ನಿಯಮಕ್ಕೆ ಬರುತ್ತೇನೆ. ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಬಹಳ ವರ್ಷಗಳ ಹಿಂದೆ ಬೇರೊಂದು ಊರಿನ ಒಂದು ಸಣ್ಣ ಸಂಘದ ಕಮಿಟಿಯಲ್ಲಿ ನಾನಿದ್ದೆ. ಹೆಸರು ಬೇಡ. ನಮ್ಮ ಖಜಾಂಚಿ ಸಾಹೇಬರು ಬಹಳ ಪ್ರಾಮಾಣಿಕರು, ಐದು ಹೊತ್ತಿನ ನಮಾಜಿಗಳು. ಲೆಕ್ಕವೆಲ್ಲ ಅವರ ತಲೆಯಲ್ಲಿ. ಯಾರಿಗೆ ಎಷ್ಟು ಕೊಟ್ಟಿದ್ದಾರೆ, ಯಾರಿಂದ ಎಷ್ಟು ಬರಬೇಕು ಎಂದು ಕೇಳಿದರೆ ತಕ್ಷಣ ಹೇಳುತ್ತಿದ್ದರು. ಅಂಥವರ ಬಳಿ ಬರಹ ಕೇಳುವುದು ಅಮರ್ಯಾದೆ ಎಂದುಕೊಂಡೆವು. ಠರಾವು ಪುಸ್ತಕ ತಂದು ಮುಂದಿಟ್ಟರೆ ಓದದೆ ಸಹಿ ಹಾಕುತ್ತಿದ್ದೆ. ಒಂದು ದಿನ ಅವರಿಗೆ ಹೃದಯಾಘಾತವಾಯಿತು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಆಮೇಲೆ ನೋಡಿದರೆ ಬ್ಯಾಂಕಿನ ಪಾಸ್‌ಬುಕ್ ಯಾರ ಬಳಿ ಇದೆ ಗೊತ್ತಿಲ್ಲ, ಎರಡನೆಯ ಸಹಿ ಯಾರದು ಗೊತ್ತಿಲ್ಲ. ಹಣ ಎಲ್ಲಿಯೂ ಹೋಗಿರಲಿಲ್ಲ, ಅಲ್ಲೇ ಇತ್ತು. ಆದರೆ ಅದು ನಮ್ಮ ಕೈಗೆ ಬರುವಷ್ಟರಲ್ಲಿ ಏಳು ತಿಂಗಳಾಯಿತು. ಆ ವರ್ಷ ಪಿಯುಸಿ ಎರಡನೆಯ ವರ್ಷಕ್ಕೆ ಶುಲ್ಕ ಕಟ್ಟಬೇಕಾಗಿದ್ದ ಒಬ್ಬ ಹುಡುಗಿ ನಮ್ಮನ್ನೇ ನಂಬಿಕೊಂಡಿದ್ದಳು. ತಂದೆ ಹಮಾಲಿ. ಅವಳು ಎರಡು ಸಲ ಬಂದು ಬಾಗಿಲಲ್ಲಿ ನಿಂತು, "ಸರ್, ಆಗೈತೇನ್ರಿ?" ಎಂದು ಕೇಳಿದಳು. ಮೂರನೆಯ ಸಲ ಬರಲಿಲ್ಲ. ಮುಂದಿನ ವರ್ಷ ಅವಳ ಮದುವೆಯ ಕಾಗದ ಬಂತು.

ಸತ್ತವರ ಮೇಲೆ ನಾನು ಯಾವ ದೋಷವನ್ನೂ ಹೊರಿಸುವುದಿಲ್ಲ. ಅವರು ಒಂದು ಪೈಸೆ ಮುಟ್ಟಿರಲಿಲ್ಲ. ದೋಷ ಓದದೆ ಸಹಿ ಹಾಕಿದ ನನ್ನದು. ವಿಶ್ವಾಸ ಇರುವ ಕಡೆ ಬರಹ ಬೇಡ ಎಂದು ನಾವು ತಿಳಿಯುತ್ತೇವೆ. ಆದರೆ ಪವಿತ್ರ ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವ ವಿಷಯದ ಮೇಲಿದೆ? ಸೂರಃ ಬಕರಃದ 282ನೆಯದು. ಸಾಲದ ವ್ಯವಹಾರವನ್ನು ಬರೆದಿಡುವುದರ ಮೇಲೆ, ಸಾಕ್ಷಿಗಳ ಮೇಲೆ ಇದೆ. ಅದನ್ನು ನಾನು ಎಷ್ಟೋ ಸಲ ಓದಿದ್ದೆ. ಕಮಿಟಿಯ ಮೇಜಿನ ಮೇಲೆ ಅದು ನೆನಪಾಗಲಿಲ್ಲ.

ಆದ್ದರಿಂದ ಮೂರು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಲೆಕ್ಕ. ರಸೀದಿ ಇಲ್ಲದೆ ಚಂದಾ ತೆಗೆದುಕೊಳ್ಳಬೇಡಿ, ರಸೀದಿ ಇಲ್ಲದೆ ಕೊಡಲೂ ಬೇಡಿ. ಖಜಾಂಚಿ ಬದಲಾಗುವ ದಿನ ಸ್ವತ್ತಿನ ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿ, ಸಭೆಯಲ್ಲಿ ಓದಿ. ಇದು ಅನುಮಾನವಲ್ಲ, ಅಮಾನತ್ತಿನ ರಕ್ಷಣೆ. ಗುಟ್ಟಾಗಿ ನಡೆಯುವ ಸಂಘದ ಬಗ್ಗೆ ಹೊರಗಿನವರು ಏನು ಬೇಕಾದರೂ ಹೇಳಬಹುದು. ಲೆಕ್ಕವನ್ನು ಗೋಡೆಗೆ ಅಂಟಿಸಿದ ಸಂಘದ ಬಗ್ಗೆ ಹೇಳುವುದು ಕಷ್ಟ.

ಎರಡನೆಯದು, ಬಾಗಿಲು. 1340ರ ದಶಕದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಾಗ ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ದಾಖಲಿಸಿದ್ದಾನೆ. ಆ ಊರಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತು ಎಂದೂ ಹೇಳುತ್ತಾನೆ. ಅದೇ ಕರಾವಳಿಯ ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಹುಟ್ಟಿ ಶಾಲೆ ಕಾಲೇಜುಗಳನ್ನು ಕಟ್ಟಿತು. 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಅಲ್-ಅಮೀನ್ ಸಂಸ್ಥೆ ಆರಂಭಿಸಿದರು. ಹೆಣ್ಣುಮಕ್ಕಳ ಓದು ನಮಗೆ ಹೊಸದಲ್ಲ, ಮರೆತದ್ದು. ಹಾಗಾದರೆ ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ? ಆ ಹುಡುಗಿ ಬಾಗಿಲಲ್ಲಿ ನಿಂತಾಗ ಒಳಗೆ ಒಬ್ಬ ಹೆಣ್ಣುಮಗಳು ಕುಳಿತಿದ್ದರೆ, "ನಿಲ್ಲವ್ವಾ, ನಾನು ಸಾಲ ತಂದಾದರೂ ಕಟ್ಟುತ್ತೇನೆ" ಎಂದು ಹೇಳುತ್ತಿದ್ದಳೋ ಏನೋ ಎಂದು ನನಗೆ ಇಂದಿಗೂ ಅನಿಸುತ್ತದೆ.

ಮೂರನೆಯದು, ನೆರೆಹೊರೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಕೂಡುವವರು ಒಂದೇ ಮತದವರಲ್ಲ. ಸಿಂಧನೂರಿನ ಸುತ್ತ ಕಾಲುವೆ ನೀರಿನ ಹಿಂದೆ ಬಂದ ಆಂಧ್ರದ ರೈತರ ಕ್ಯಾಂಪುಗಳಿವೆ, ಪೂರ್ವ ಬಂಗಾಳದಿಂದ ಮನೆ ಮಠ ಕಳೆದುಕೊಂಡು ಬಂದವರ ಕ್ಯಾಂಪುಗಳಿವೆ. ಅವರೂ ಈ ನೆಲದಲ್ಲಿ ತಮ್ಮ ಪೂಜೆ, ತಮ್ಮ ಸಮಿತಿ ಕಟ್ಟಿಕೊಂಡು ಬೇರು ಬಿಟ್ಟಿದ್ದಾರೆ, ಹಿಂದೆ ಹಂಜಮಾನದವರು ಬಿಟ್ಟ ಹಾಗೆ. ನಮ್ಮ ಸಂಘದ ಪುಸ್ತಕ ಭಂಡಾರಕ್ಕೆ, ಟ್ಯೂಷನ್ ತರಗತಿಗೆ ಅವರ ಮಕ್ಕಳೂ ಬರಲಿ. ಮಧುಮತಿಯ ದೋಣಿಯಲ್ಲಿ ಹೊಳೆ ದಾಟಿದವರ ಜಾತಿ ಯಾರೂ ಕೇಳಿರಲಾರರು.

ವಿದ್ಯಾರ್ಥಿ ಮಿತ್ರರೇ, ನಾಳೆ ಈ ಸಂಘ ನಿಮ್ಮ ಕೈಗೆ ಬರುತ್ತದೆ. ಮಸ್ಕಿಗೆ ಹೋದಾಗ ಆ ಬಂಡೆಯ ಮುಂದೆ ಒಂದು ಗಳಿಗೆ ನಿಲ್ಲಿ. ಅಶೋಕನ ಹೆಸರನ್ನು ನೋಡಿ ಬರಬೇಡಿ. ಸಣ್ಣವರಿಗೂ ತಿಳಿಸಬೇಕು ಎಂದ ಆ ಮಾತನ್ನು ನೆನೆದು ಬನ್ನಿ. ಆಮೇಲೆ ಊರಿಗೆ ಬಂದು ನಮ್ಮ ಕಾರ್ಯದರ್ಶಿಗಳ ಬಳಿ ಹೋಗಿ, "ಈ ವರ್ಷದ ಲೆಕ್ಕ ತೋರಿಸ್ತೀರೇನ್ರಿ ಚಾಚಾ?" ಎಂದು ಅದಬಿನಿಂದ ಕೇಳಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ನನ್ನ ಹೆಸರು ಹೇಳಿ.

 ಅಲ್ಲಾಹನು ನಮ್ಮ ಕೆಲಸದಲ್ಲಿ ಬರಕತ್ ನೀಡಲಿ, ಆಮೀನ್. ಅಸ್ಸಲಾಮು ಅಲೈಕುಂ.